ಯಾವ ಉನಾಗಿ ಕೊಳ್ಳಲಿ? ಸಾಕಿದ ಹಾವುಮೀನಿನ ಮೇವು, ಕೊಳ ಮತ್ತು ನಮ್ಮ ತಟ್ಟೆ

ಜುಲೈ ಬಂತೆಂದರೆ ಜಪಾನಿನ ಹಮಾಮಾತ್ಸು ಊರಿನ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಒಂದೇ ಥರದ ಫೋಟೋ ಬರಲು ಶುರು. ಸೂಪರ್‌ಮಾರ್ಕೆಟ್ಟಿನ ತಣ್ಣನೆಯ ಕಪಾಟು, ಪಕ್ಕಪಕ್ಕದಲ್ಲಿ ಎರಡು ಪೊಟ್ಟಣ. ಎರಡರಲ್ಲೂ ಸೀಳಿ ಸುಟ್ಟ ಹಾವುಮೀನು, ಎರಡರ ಮೇಲೂ ಮಿರಿಮಿರಿ ಮಿಂಚುವ ಕಂದು ಸಾಸು. ಒಂದಕ್ಕೆ 1,300 ಯೆನ್, ಇನ್ನೊಂದಕ್ಕೆ 2,600. ಕೆಳಗೊಂದು ಪ್ರಶ್ನೆ: "ಅಣ್ಣಾ, ಯಾವುದು ತಗೊಳ್ಲಿ? ದುಡ್ಡು ಡಬಲ್ ಕೊಟ್ರೆ ಸತ್ವವೂ ಡಬಲ್ ಇರುತ್ತಾ?"

ಇಲ್ಲ, ಇರುವುದಿಲ್ಲ. ಹಾಗಂತ ಎರಡೂ ಒಂದೇ ಅಂತಲೂ ಅಲ್ಲ. ಎಲ್ಲಿ ವ್ಯತ್ಯಾಸ ಇದೆ, ಎಲ್ಲಿ ಬರೀ ಹೆಸರಿಗೆ ದುಡ್ಡು ಕೊಡುತ್ತೇವೆ ಎಂಬುದನ್ನು ಬಿಡಿಸಿ ಹೇಳಬೇಕೆಂದು ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದೆ. ನಾನು ಕುಂದಾಪುರ ಕಡೆಯವನು, ಮೀನಿನ ವಿಷಯದಲ್ಲಿ ಸ್ವಲ್ಪ ಹಟ ಜಾಸ್ತಿ. ಉನಾಗಿ ಅಂದರೆ ಹಾವುಮೀನು; ಅದನ್ನು ಸಿಹಿ ಸೋಯಾ ಸಾಸು ಬಳಿದು ಕೆಂಡದಲ್ಲಿ ಸುಟ್ಟರೆ ಕಬಾಯಾಕಿ. ಬೇಸಿಗೆಯ 'ಎತ್ತಿನ ದಿನ' (ಹಳೆಯ ಪಂಚಾಂಗದಂತೆ ಜುಲೈ ಕೊನೆಯ ಹೊತ್ತಿಗೆ ಬರುವ ದಿನ) ಅದನ್ನು ತಿಂದರೆ ಸೆಕೆಗೆ ಸೋತ ಮೈ ಚೇತರಿಸುತ್ತದೆ ಎಂಬುದು ಇಲ್ಲಿಯವರ ನಂಬಿಕೆ. ಆ ವಾರ ಬೆಲೆ ಏರುವುದೂ ಅದಕ್ಕೇ.

ಅಳೆಯುವುದು ಏನನ್ನು?

ಪ್ರೋಟೀನನ್ನು ಲೆಕ್ಕದಿಂದ ತೆಗೆದುಬಿಡಿ. ಜಪಾನಿನ ಸರ್ಕಾರಿ ಆಹಾರ ಕೋಷ್ಟಕದ ಪ್ರಕಾರ ಸಾಕಿದ ಹಸಿ ಹಾವುಮೀನಿನ 100 ಗ್ರಾಂನಲ್ಲಿ ಪ್ರೋಟೀನು 17.1 ಗ್ರಾಂ. ಸುಟ್ಟಾಗ ನೀರು ಆರಿ ಕಬಾಯಾಕಿಯಲ್ಲಿ ಅದು 23 ಗ್ರಾಂ ಆಗುತ್ತದೆ. ಮೇವು ಬದಲಾಗಲಿ, ಕೊಳ ಬದಲಾಗಲಿ, ಈ ಅಂಕಿ ಹೆಚ್ಚು ಅಲ್ಲಾಡುವುದಿಲ್ಲ.

ಅಲ್ಲಾಡುವುದು ಕೊಬ್ಬು. ಎಷ್ಟು ಕೊಬ್ಬು ಎಂಬುದು ಒಂದು ಪ್ರಶ್ನೆ, ಎಂಥ ಕೊಬ್ಬು ಎಂಬುದು ಇನ್ನೊಂದು. ಕೋಷ್ಟಕದಲ್ಲಿ ಹಸಿ ಮೀನಿಗೆ 19.3, ಕಬಾಯಾಕಿಗೆ 21 ಗ್ರಾಂ ಎಂದಿದೆ. ಆದರೆ ಅದು ಸರಾಸರಿ. ಮೀನಿನಿಂದ ಮೀನಿಗೆ, ಕೊಳದಿಂದ ಕೊಳಕ್ಕೆ ಇದು ಏರುತ್ತದೆ, ಇಳಿಯುತ್ತದೆ. ಎರಡನೆಯದು ವಿಟಮಿನ್ ಎ. ಹಾವುಮೀನಿನಲ್ಲಿ ಇದು ಇರುವುದು ಮಿತಿಮೀರಿ ಎನ್ನುವಷ್ಟು, ಹಾಗಾಗಿ ಕೆಲವರಿಗೆ ಇದೇ ತೊಡಕು. ಮೂರನೆಯದು ಮೀನಿನ ಪ್ರಾಯ. ಮುಳ್ಳು, ಸಿಪ್ಪೆ ಎಷ್ಟು ಮೆತ್ತಗೆ ಎಂಬುದು ಅದರ ಮೇಲೆ ನಿಂತಿದೆ. ನಾಲ್ಕನೆಯದು ನೀರು: ಕೆಸರಿನ ವಾಸನೆ, ಔಷಧದ ಉಳಿಕೆ. ಕೊನೆಯದು ಬೆಲೆ. ಅದನ್ನು ಪೊಟ್ಟಣಕ್ಕಲ್ಲ, 100 ಗ್ರಾಂಗೆ ಎಷ್ಟು ಬೀಳುತ್ತದೆ ಎಂದು ನೋಡಬೇಕು.

ಮೇವಿನ ಮುದ್ದೆ

ಹಮಾನಾ ಸರೋವರದ ಹತ್ತಿರ ನನ್ನ ಸಹೋದ್ಯೋಗಿಯ ಮಾವನಿಗೆ ಹಾವುಮೀನಿನ ಕೊಳಗಳಿವೆ. ಒಮ್ಮೆ ಬೆಳಗಿನ ಜಾವ ಕರೆದುಕೊಂಡು ಹೋಗಿದ್ದರು. ಕೊಳದ ಮೇಲೆ ಪ್ಲಾಸ್ಟಿಕ್ ಹೊದಿಸಿದ ದೊಡ್ಡ ಶೆಡ್ಡು, ಒಳಗೆ ಅರೆಗತ್ತಲು. ಬಾಗಿಲು ತೆಗೆದೊಡನೆ ಕನ್ನಡಕ ಮಂಜಾಯಿತು. ನೀರಿನ ಬಿಸಿ 29 ಡಿಗ್ರಿ, ಬಾಯ್ಲರ್ ಉರಿಯುತ್ತಲೇ ಇರುತ್ತದೆ. ಮೂಲೆಯಲ್ಲಿ ಮೈದಾ ನಾದುವಂಥ ಯಂತ್ರ. ಅದಕ್ಕೆ ಬೂದುಗಂದು ಪುಡಿ ಸುರಿದು, ನೀರು ಬಿಟ್ಟು, ಮೇಲಿನಿಂದ ಮೀನೆಣ್ಣೆ ಹೊಯ್ದು ತಿರುಗಿಸಿದರೆ ಐದೇ ನಿಮಿಷಕ್ಕೆ ರಾಗಿಮುದ್ದೆಯಂತೆ ನುಣುಪಾದ, ಎಳೆದರೆ ಜಗ್ಗುವ ಮುದ್ದೆ. ಅದನ್ನು ಜಾಲರಿ ಬುಟ್ಟಿಯಲ್ಲಿಟ್ಟು ನೀರಿಗೆ ತಾಗಿಸಿದ್ದೇ ತಡ, ಕೊಳದ ಆ ಮೂಲೆ ಕುದಿಯತೊಡಗಿತು. ಒಂದರ ಮೇಲೊಂದು ಹತ್ತಿ, ಕಚ್ಚಿ, ಮೈ ತಿರುಚಿ ಮುದ್ದೆ ಹರಿಯುವ ನೂರಾರು ಕಪ್ಪು ಬೆನ್ನು. ಹತ್ತು ನಿಮಿಷಕ್ಕೆ ಬುಟ್ಟಿ ಖಾಲಿ.

ಆ ಪುಡಿಯಲ್ಲಿ ಮುಕ್ಕಾಲು ಪಾಲಿನ ಹತ್ತಿರ ಫಿಶ್‌ಮೀಲ್, ಅಂದರೆ ಒಣಗಿಸಿ ಪುಡಿಮಾಡಿದ ಮೀನು; ಉಳಿದದ್ದರಲ್ಲಿ ಹೆಚ್ಚಿನದು ಅಂಟು ಬರಲೆಂದು ಹಾಕುವ ಆಲೂಗಡ್ಡೆ ಪಿಷ್ಟ, ಜೊತೆಗೆ ವಿಟಮಿನ್, ಖನಿಜ. ಉಳ್ಳಾಲ, ಮಲ್ಪೆ ಕಡೆ ಫಿಶ್‌ಮೀಲ್ ಫ್ಯಾಕ್ಟರಿಯ ಗಾಳಿ ಕುಡಿದವರಿಗೆ ಆ ವಾಸನೆ ಹೊಸತಲ್ಲ. ನಮ್ಮ ಬೂತಾಯಿ (ಸಾರ್ಡೀನ್ ಮೀನು) ಹಿಟ್ಟಾಗಿ, ಎಣ್ಣೆಯಾಗಿ ಹೋಗುವುದು ಇಂಥ ಸಾಕಣೆಗಳ ಹೊಟ್ಟೆಗೇ.

ಪೌಷ್ಟಿಕತೆಯ ದೃಷ್ಟಿಯಿಂದ ಮುಖ್ಯವಾದದ್ದು ಮೇಲಿನಿಂದ ಹೊಯ್ದ ಆ ಎಣ್ಣೆ. ಹಾವುಮೀನು ತಿಂದ ಕೊಬ್ಬನ್ನು ಹೆಚ್ಚು ಬದಲಿಸದೆ ಮಾಂಸದಲ್ಲಿ ತುಂಬಿಕೊಳ್ಳುತ್ತದೆ. ಮೀನೆಣ್ಣೆ ಹಾಕಿದರೆ ಮಾಂಸದಲ್ಲಿ ಒಮೇಗಾ-3 ಏರುತ್ತದೆ. ಖರ್ಚು ಉಳಿಸಲು ಸೋಯಾ ಎಣ್ಣೆಯನ್ನೋ ತಾಳೆಣ್ಣೆಯನ್ನೋ ಬೆರೆಸಿದರೆ ಅದೇ ಜಾಗಕ್ಕೆ ಗಿಡದೆಣ್ಣೆಯ ಕೊಬ್ಬು ಬಂದು ಕೂರುತ್ತದೆ, ಮೀನೆಣ್ಣೆಯ ಒಮೇಗಾ-3ಗಳಾದ ಇಪಿಎ, ಡಿಎಚ್‌ಎ ಇಳಿಯುತ್ತವೆ. ಗಿಡದೆಣ್ಣೆಯಿಂದ ಒಂದಿಷ್ಟು ಇಂಥ ಒಮೇಗಾ-3 ಅನ್ನು ತಾನೇ ಕಟ್ಟಿಕೊಳ್ಳುವ ಶಕ್ತಿ ಹಾವುಮೀನಿಗಿದೆ, ಆದರೆ ಆ ಕೊರತೆ ತುಂಬುವಷ್ಟಿಲ್ಲ. ಎಣ್ಣೆ ಎಷ್ಟು ಹಾಕಿದರು ಎಂಬುದು ಮೈಯ ಒಟ್ಟು ಕೊಬ್ಬನ್ನೂ ಏರಿಸುತ್ತದೆ. ವಿಟಮಿನ್ ಇ ಕೂಡ ಹೀಗೆಯೇ, ಮೇವಿಗೆ ಸೇರಿಸಿದಷ್ಟು ಮಾಂಸದಲ್ಲಿ ಕಾಣುತ್ತದೆ. ಎಣ್ಣೆ ಕಮಟದಂತೆ ತಡೆಯುವುದೂ ಅದೇ.

ಇಲ್ಲೊಂದು ಹಳೆಯ ಕಥೆ. ಜಪಾನಿನಲ್ಲಿ ಹಾವುಮೀನು ಸಾಕಣೆ ಶುರುಮಾಡಿದವರು ಹತ್ತೋರಿ ಕುರಾಜಿರೋ, 1879ರಲ್ಲಿ ಟೋಕಿಯೋದ ಫುಕಾಗಾವಾದಲ್ಲಿ. ಆಮೇಲೆ ಅದು ಹಮಾನಾ ಸರೋವರಕ್ಕೆ ಬಂತು. ಆಗಿನ ಮೇವುಗಳಲ್ಲಿ ಮುಖ್ಯವಾದದ್ದು ರೇಷ್ಮೆ ಬಿಚ್ಚಿದ ಮೇಲೆ ಉಳಿಯುವ ಹುಳು. ರಾಮನಗರ, ಶಿಡ್ಲಘಟ್ಟದ ರೀಲಿಂಗ್ ಮನೆಗಳಿಂದ ಇಂದಿಗೂ ಕೋಳಿಗೆ, ಮೀನಿಗೆ ಹೋಗುತ್ತದಲ್ಲ, ಅದೇ ಹುಳು. ಪ್ರೋಟೀನಿಗೇನೂ ಕೊರತೆಯಿಲ್ಲ, ಆದರೆ ಅದರ ಎಣ್ಣೆ ಬೇಗ ಕಮಟುತ್ತದೆ. ಕಮಟಿದ ಹುಳು ತಿಂದ ಗೆಂಡೆ ಮೀನುಗಳು ಜಪಾನಿನಲ್ಲಿ ಬೆನ್ನು ಸೊರಗಿ ಸತ್ತವು. ಅದಕ್ಕೆ ವಿಟಮಿನ್ ಇ ಮದ್ದಾಯಿತು. ಹಸಿ ಮೀನು ಕೊಚ್ಚಿ ಹಾಕುವ ಕಾಲವೂ ಇತ್ತು. ಕೆಲವು ಹಸಿ ಮೀನುಗಳಲ್ಲಿ ವಿಟಮಿನ್ ಬಿ1 ಒಡೆಯುವ ಕಿಣ್ವ ಇರುವುದರಿಂದ ಆ ಮೇವಿನಲ್ಲಿ ಬಿ1 ನಿಲ್ಲುವುದು ಕಷ್ಟ. ಇಂದಿನ ಕಬಾಯಾಕಿಯ 100 ಗ್ರಾಂನಲ್ಲಿ 0.75 ಮಿಲಿಗ್ರಾಂ ಬಿ1 ಇದೆ. ಮೀನುಗಳಲ್ಲಿ ಇದು ಒಳ್ಳೆಯ ಅಂಕಿ.

ಬಿಸಿನೀರು, ಅವಧಿ, ಗಂಡು-ಹೆಣ್ಣು

ಸಾಕಿದ ಹಾವುಮೀನು ಎಂದರೂ ಅಂಗಡಿಗೆ ಬರುವ ಮೀನಿನ ಮರಿ ಬಹುಪಾಲು ನಿಸರ್ಗದ್ದೇ. ಮರಿಯಾನಾ ದ್ವೀಪಗಳ ಪಶ್ಚಿಮದ ಸಾಗರದಲ್ಲಿ ಹುಟ್ಟಿ ತೇಲಿ ಬರುವ, ಗಾಜಿನಂತೆ ಪಾರದರ್ಶಕವಾದ 0.2 ಗ್ರಾಂ ಮರಿಗಳನ್ನು ನದೀಮುಖದಲ್ಲಿ ಹಿಡಿದು ಕೊಳಕ್ಕೆ ಬಿಡುತ್ತಾರೆ. ಮೊಟ್ಟೆಯಿಂದ ಮೊಟ್ಟೆಯವರೆಗೆ ಸಾಕುವುದು 2010ರಲ್ಲಿ ಪ್ರಯೋಗಶಾಲೆಯಲ್ಲಿ ಸಾಧ್ಯವಾಯಿತು, ಆದರೆ ಕಪಾಟು ತುಂಬುವುದು ಇಂದಿಗೂ ಬಹುಪಾಲು ಹಿಡಿದ ಮರಿಯಿಂದಲೇ.

ಡಿಸೆಂಬರ್, ಜನವರಿಯಲ್ಲಿ ಬಿಟ್ಟ ಮರಿಯನ್ನು ಬಿಸಿನೀರಿನಲ್ಲಿ ಆರೇಳು ತಿಂಗಳಿಗೆ 200 ಗ್ರಾಂ ದಾಟಿಸಿ ಜುಲೈ ಹಬ್ಬಕ್ಕೆ ಮಾರಿದರೆ ಅದು ಎಳೆ ಮೀನು. ಸಿಪ್ಪೆ ಮೆತ್ತಗೆ, ಮುಳ್ಳು ನಾಲಿಗೆಗೆ ತಾಗದಷ್ಟು ನವಿರು. ವರ್ಷ ದಾಟಿ ಮಾರುವುದು ಬಲಿತ ಮೀನು. ಕೊಬ್ಬು ಹೆಚ್ಚಿರಬಹುದು, ಅಗಿತವೂ ಹೆಚ್ಚು.

ಬಿಸಿನೀರು, ದಟ್ಟಣೆ, ಅವಸರದ ಬೆಳವಣಿಗೆ ಸೇರಿ ಇನ್ನೊಂದು ವಿಚಿತ್ರ ಆಗುತ್ತದೆ: ಕೊಳದ ಮೀನುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಗಂಡಾಗುತ್ತವೆ. ಗಂಡು ದೊಡ್ಡದಾದಂತೆ ಗಡುಸಾಗುತ್ತದೆ. ಅದಕ್ಕೆ ಐಚಿ ಪ್ರಾಂತ್ಯದ ಸಂಶೋಧಕರು ಮರಿಗಳ ಮೇವಿಗೆ ಹೆಣ್ಣು ಹಾರ್ಮೋನಿನಂತೆ ವರ್ತಿಸುವ ಸೋಯಾದ ಐಸೋಫ್ಲೇವೋನ್ ಬೆರೆಸಿ ಹೆಣ್ಣುಮೀನು ಬೆಳೆಸುವ ದಾರಿ ಕಂಡುಕೊಂಡರು. ಹೆಣ್ಣು 300 ಗ್ರಾಂ ದಾಟಿದರೂ ಮೆತ್ತಗೆ ಉಳಿಯುತ್ತದೆ. ಮೇವು ಬದಲಿಸಿದ್ದಕ್ಕೆ ಲಿಂಗವೇ ಬದಲಾಗುತ್ತದೆ ಎಂದು ನಮ್ಮಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಹಂಗಾರೆ ತಿಂಬ್ದೇ ಬ್ಯಾಡ" ಅಂದುಬಿಟ್ಟರು. ಹೆದರಬೇಕಾದ್ದಿಲ್ಲ ಅಮ್ಮಾ, ನಾವು ತಿನ್ನುವ ತೋಫುವಿನಲ್ಲೂ ಅದೇ ಇದೆ.

ಕೊಳದಿಂದ ತೆಗೆದ ಮೇಲೆ ಮೀನನ್ನು ಮೇವಿಲ್ಲದೆ ಒಂದೆರಡು ದಿನ ಹರಿಯುವ ಶುದ್ಧ ನೀರಿನಲ್ಲಿ ಇಡುತ್ತಾರೆ. ಕೊಳದ ಸೂಕ್ಷ್ಮಜೀವಿಗಳು ಹುಟ್ಟಿಸುವ ಜಿಯೋಸ್ಮಿನ್ ಎಂಬ ವಸ್ತು ಮೈಯ ಕೊಬ್ಬಿಗೆ ಸೇರಿ ಮೀನಿಗೆ ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ. ಮಣ್ಣಿನಲ್ಲಿ ಅದು ಚೆಂದ, ತಟ್ಟೆಯಲ್ಲಿ ಅಸಹ್ಯ. ಈ ಉಪವಾಸದಲ್ಲಿ ವಾಸನೆ ಹೋಗುತ್ತದೆ, ಮೀನಿನ ತೂಕವೂ ಇಳಿಯುತ್ತದೆ. ತೂಕ ಇಳಿದರೆ ಮಾರುವವನಿಗೆ ನಷ್ಟ, ಹಾಗಾಗಿ ಅವಸರ ಮಾಡುವವರೂ ಇದ್ದಾರೆ. ಒಮ್ಮೆ ಇಲ್ಲಿನ ಅಂಗಡಿಯೊಂದರಲ್ಲಿ ದುಬಾರಿ 'ಸ್ಥಳೀಯ' ಮೀನು ತಂದು, ಮೊದಲ ತುತ್ತಿಗೇ ಕೆಸರುಗದ್ದೆ ನೆನಪಾಗಿ, ಉಳಿದದ್ದಕ್ಕೆ ಹುಳಿ-ಖಾರ ಹಾಕಿ ಗಸಿ ಮಾಡಿ ಮುಗಿಸಿದೆವು. ಅಂದಿನಿಂದ ಬೆಲೆಯ ಮೇಲಿನ ನನ್ನ ಭಕ್ತಿ ಕಡಿಮೆಯಾಯಿತು.

ಈಗ ಕಪಾಟಿನ ಮುಂದೆ

ಜಪಾನಿನ ಎಳೆ ಮೀನು, ಜುಲೈಯದು. ಕಾಗೋಷಿಮಾ, ಐಚಿ, ಮಿಯಾಝಾಕಿ, ಶಿಝುವೊಕಾ, ಈ ನಾಲ್ಕು ಹೆಸರುಗಳೇ ಹೆಚ್ಚು ಕಾಣುವುದು. ಅದರಲ್ಲೂ ಸುಮಾರು ಐದರಲ್ಲಿ ಎರಡು ಪಾಲು ಕಾಗೋಷಿಮಾದ್ದು. ಮುಳ್ಳಿಗೆ ಅಂಜುವ ಮಕ್ಕಳಿಗೆ, ಹಲ್ಲು ಸಡಿಲಾದ ಹಿರಿಯರಿಗೆ ಇದು ಒಳ್ಳೆಯದು. ಬೆಲೆ ಮಾತ್ರ ಆ ವಾರ ಶಿಖರದಲ್ಲಿ. ಅದೇ ಕೊಳಗಳ ಬಲಿತ ಮೀನನ್ನು ಅಕ್ಟೋಬರ್, ನವೆಂಬರಿನಲ್ಲಿ ಕೊಂಡರೆ ನನ್ನ ಅನುಭವದಲ್ಲಿ ಬೆಲೆ ಇಳಿದಿರುತ್ತದೆ, ರುಚಿ ಏರಿರುತ್ತದೆ. ಎತ್ತಿನ ದಿನವೇ ತಿನ್ನಬೇಕೆಂಬ ಹರಕೆ ಇಲ್ಲದವರು ಕಾಯಿರಿ.

ಚೀನಾದ ಪೊಟ್ಟಣ. ಜನ ಸುಮ್ಮನೆ ಮೂಗು ಮುರಿಯುವುದು ಇದಕ್ಕೇ. ಮೇವಿನ ಲೆಕ್ಕದಲ್ಲಿ ಅಲ್ಲಿಯೂ ಫಿಶ್‌ಮೀಲ್, ಪಿಷ್ಟ, ಎಣ್ಣೆಯ ಮುದ್ದೆಯೇ. ಹಾಗಾಗಿ ಪ್ರೋಟೀನು, ವಿಟಮಿನ್ನುಗಳಲ್ಲಿ ದೊಡ್ಡ ಕಂದರ ಇಲ್ಲ. ಗುವಾಂಗ್‌ಡಾಂಗ್‌ನ ಬಯಲು ಕೊಳಗಳಲ್ಲಿ ನಿಧಾನ ಬೆಳೆದು ದಪ್ಪಗಾದ ಮೀನು ಕೊಬ್ಬಿನಲ್ಲಿ ಜಪಾನಿನ ಎಳೆ ಮೀನಿಗಿಂತ ಮೇಲೂ ಇರಬಹುದು. ಆದರೆ ಸಿಪ್ಪೆ ದಪ್ಪ. ಎಷ್ಟೋ ಸಲ ಅದು ಜಪಾನೀ ಜಾತಿಯೂ ಅಲ್ಲ, ಅಮೆರಿಕದಿಂದ ಮರಿ ತಂದು ಸಾಕಿದ ಬೇರೆ ಜಾತಿ. ಔಷಧದ ಭಯಕ್ಕೆ ಕಾರಣವಿತ್ತು: 2005ರಲ್ಲಿ ಚೀನಾದ ಹಾವುಮೀನಿನಲ್ಲಿ ಮ್ಯಾಲಕೈಟ್ ಗ್ರೀನ್ ಎಂಬ ನಿಷಿದ್ಧ ಔಷಧ ಸಿಕ್ಕಿತು, 2007ರಲ್ಲಿ ಅಮೆರಿಕ ಚೀನಾದ ಸಾಕಿದ ಹಾವುಮೀನನ್ನು ಬಂದರಿನಲ್ಲೇ ತಡೆಯತೊಡಗಿತು. ಜಪಾನ್ 2006ರ ಮೇ ತಿಂಗಳಿಂದ ಆಹಾರದಲ್ಲಿ ಔಷಧದ ಉಳಿಕೆಗೆ ಬಿಗಿ ಮಿತಿ ಹಾಕಿ, ಆಮದು ಮಾಲನ್ನು ಪರೀಕ್ಷಿಸುತ್ತಿದೆ. ಜಪಾನಿನ ದೊಡ್ಡ ಅಂಗಡಿಯಲ್ಲಿ ಸಿಗುವ ಮಾಲಿಗೆ ನಾನು ಹೆದರುವುದಿಲ್ಲ. ಪರೀಕ್ಷೆ ಎಷ್ಟಿದೆಯೋ ಗೊತ್ತಿಲ್ಲದ ದೇಶದಲ್ಲಿ, ವಿಳಾಸವಿಲ್ಲದ ಪೊಟ್ಟಣವಾದರೆ ಬಿಟ್ಟುಬಿಡುತ್ತೇನೆ.

ದೊಡ್ಡ ಹೆಣ್ಣುಮೀನು. ಬೆಲೆ ದುಬಾರಿ, ಸಿಗುವುದು ಅಪರೂಪ. ಕೊಬ್ಬು, ಮೆದುತನ ಎರಡೂ ಇದೆ. ಸತ್ವಕ್ಕಾಗಿ ಇದಕ್ಕೆ ದುಡ್ಡು ಸುರಿಯಬೇಡಿ, ನಾಲಿಗೆಗಾಗಿ ಒಮ್ಮೆ ತಿನ್ನಿ.

ಹೊಳೆಯ ಮೀನು, ಅಂದರೆ ಸಾಕದೆ ಹೊಳೆಯಲ್ಲೇ ಹಿಡಿದದ್ದು. 'ನಾಟಿ ಕೋಳಿ' ಮನಸ್ಸಿನ ನಮಗೆ ಇದೇ ಶ್ರೇಷ್ಠ ಅನ್ನಿಸುತ್ತದೆ. ನಿಜ ಏನೆಂದರೆ ಇದರಲ್ಲಿ ಸ್ಥಿರತೆ ಇಲ್ಲ. ಏಡಿ, ಸಿಗಡಿ, ಎರೆಹುಳ, ಏನು ಸಿಕ್ಕಿತೋ ಅದನ್ನು ತಿಂದಿರುತ್ತದೆ. ಬೇಸಿಗೆಯಲ್ಲಿ ತೆಳ್ಳಗೆ, ಸಮುದ್ರಕ್ಕೆ ಇಳಿಯುವ ಮುಂಚಿನ ಶರತ್ಕಾಲದಲ್ಲಿ ಕೊಬ್ಬಿ ಬೆಳ್ಳಿಬಣ್ಣ. ಸರಾಸರಿಯಲ್ಲಿ ಸಾಕಿದ್ದೇ ಹೆಚ್ಚು ಕೊಬ್ಬಿನದು. ಹೊಳೆ ಕೊಳಕಾಗಿದ್ದರೆ ಆ ಕೊಳಕೆಲ್ಲ ಇದರ ಕೊಬ್ಬಿನಲ್ಲಿ ವರ್ಷಗಟ್ಟಲೆ ಕೂಡುತ್ತದೆ. ನೆದರ್ಲೆಂಡ್ಸ್ 2011ರಲ್ಲಿ ತನ್ನ ದೊಡ್ಡ ನದಿಗಳಲ್ಲಿ ಹಾವುಮೀನು ಹಿಡಿಯುವುದನ್ನೇ ನಿಲ್ಲಿಸಿದ್ದು ಡಯಾಕ್ಸಿನ್, ಪಿಸಿಬಿ ವಿಷದಿಂದಾಗಿ. ಅಲ್ಲಿರುವ ನಮ್ಮವರು ಹೊಗೆಯಲ್ಲಿ ಬೇಯಿಸಿದ 'ಪಾಲಿಂಗ್' ಕೊಳ್ಳುವಾಗ ಸಾಕಿದ್ದನ್ನೇ ಕೇಳಿ ಕೊಳ್ಳಿ. ಶೆಡ್ಡಿನೊಳಗೆ ಶೋಧಿಸಿದ ನೀರು, ಗೊತ್ತಿರುವ ಮೇವು. ಈ ಒಂದು ವಿಷಯದಲ್ಲಿ ಸಾಕಣೆಯದೇ ಮೇಲುಗೈ. ಅಳಿವಿನ ಚಿಂತೆ ಇದ್ದವರಿಗೆ ಮಾತ್ರ ಎರಡರಲ್ಲೂ ಸಮಾಧಾನವಿಲ್ಲ. ಯುರೋಪಿನ ಜಾತಿ ತೀರಾ ಅಪಾಯದಲ್ಲಿದೆ, ಜಪಾನಿನದು 2014ರಿಂದ ಅಪಾಯದ ಪಟ್ಟಿಯಲ್ಲಿದೆ, ಸಾಕಿದ್ದೂ ಹೊಳೆಯ ಮರಿಯೇ ತಾನೆ.

ನಿಮ್ಮ ಮನೆಗೆ ಯಾವುದು?

ಬಸುರಿ ಹೆಂಗಸರಿದ್ದರೆ ಮೊದಲು ಇದನ್ನು ಓದಿ. ಕಬಾಯಾಕಿಯ 100 ಗ್ರಾಂನಲ್ಲಿ ವಿಟಮಿನ್ ಎ 1,500 ಮೈಕ್ರೋಗ್ರಾಂ. ಜಪಾನಿನಲ್ಲಿ ದೊಡ್ಡವರಿಗೆ ದಿನದ ಗರಿಷ್ಠ ಮಿತಿ 2,700. ಒಂದು ಇಡೀ ಮೀನು 160 ಗ್ರಾಂ ಬಂದರೆ ಅಲ್ಲಿಗೇ 2,400. ಜೊತೆಗೆ ಪಿತ್ತಜನಕಾಂಗ ಪೋಣಿಸಿ ಸುಟ್ಟ ಕಡ್ಡಿಯೊಂದು ತಿಂದರೆ ಮಿತಿ ದಾಟಿತು. ಅದರ 100 ಗ್ರಾಂನಲ್ಲಿ 4,400 ಇದೆ. ಗರ್ಭದ ಮೊದಲ ಮೂರು ತಿಂಗಳಲ್ಲಿ ರೆಟಿನಾಲ್ (ಮೀನಿನಲ್ಲಿರುವ ವಿಟಮಿನ್ ಎ) ಅತಿಯಾದರೆ ಮಗುವಿಗೆ ತೊಂದರೆ. ಎಂದೋ ಒಮ್ಮೆ ಅರ್ಧ ಮೀನು ತಿಂದದ್ದಕ್ಕೆ ಗಾಬರಿ ಬೇಡ, ವಾರಕ್ಕೆ ಮೂರು ಸಲ 'ಸತ್ವ' ಅಂತ ತಿನ್ನಿಸುವುದು ಬೇಡ, ಕಡ್ಡಿ ಮುಟ್ಟುವುದೇ ಬೇಡ. ವಿಟಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳಿ. ದೇಶೀಯವೋ ಚೀನಾದ್ದೋ ಎಂಬುದು ಇಲ್ಲಿ ಗೌಣ.

ಊರಿಂದ ಬಂದ ಅಪ್ಪ-ಅಮ್ಮನಿಗೆ ಬಿಪಿ, ಸಕ್ಕರೆ ಇದ್ದರೆ ತೊಂದರೆ ಮೀನಿಗಿಂತ ಸಾಸಿನದು. ಸಾಸಿಲ್ಲದೆ ಸುಟ್ಟ 'ಶಿರಾಯಾಕಿ' ಕೊಳ್ಳಿ, ಎಳೆ ಮೀನಿನದಾದರೆ ಇನ್ನೂ ಒಳ್ಳೆಯದು. ನಿಂಬೆ, ಮೆಣಸಿನಪುಡಿ ಸಾಕು. ಕಬಾಯಾಕಿಯ 100 ಗ್ರಾಂನಲ್ಲಿ ಕೊಲೆಸ್ಟರಾಲ್ 230 ಮಿಲಿಗ್ರಾಂ ಇದೆ ಎಂಬುದೂ ನೆನಪಿರಲಿ.

ಬರೀ ಒಮೇಗಾ-3 ಬೇಕೆನ್ನುವ ಜಿಮ್ ಹುಡುಗರಿಗೆ: ಕಬಾಯಾಕಿಯ 100 ಗ್ರಾಂನಲ್ಲಿ ಡಿಎಚ್‌ಎ 1,300 ಮಿಲಿಗ್ರಾಂ ಆಸುಪಾಸು, ನಿಜ. ಆದರೆ ಅದು ಮೇವಿನ ಎಣ್ಣೆಯಿಂದ ಬಂದದ್ದು, ಆ ಎಣ್ಣೆ ಬೂತಾಯಿಯಂಥ ಮೀನಿನಿಂದ ಬಂದದ್ದು. ಅದೇ ಅಂಗಡಿಯಲ್ಲಿ 'ಇವಾಶಿ' ಹೆಸರಿನಲ್ಲಿ ಬೂತಾಯಿಯ ಬಳಗದ ಮೀನೇ ಹತ್ತರಲ್ಲೊಂದು ಬೆಲೆಗೆ ಕೂತಿದೆಯಲ್ಲ ಮಾರಾಯ್ರೆ!

ಬಜೆಟ್ ಸಣ್ಣದು, ನಾಲ್ವರಿಗೆ ಆಗಬೇಕು ಎಂದರೆ ಚೀನಾದ ದಪ್ಪ ಮೀನು ಒಂದು ತನ್ನಿ, ಹೆಚ್ಚಿ ಮೊಟ್ಟೆಯ ಜೊತೆ ಅನ್ನದ ಮೇಲೆ ಹರಡಿ. ಪೊಟ್ಟಣ ತಿರುಗಿಸಿ ತೂಕ ನೋಡಿ, ಸಾಸಿನ ಕೆರೆಯಲ್ಲಿ ತೇಲುತ್ತಿದ್ದರೆ ನೀವು ಸಾಸಿಗೆ ದುಡ್ಡು ಕೊಡುತ್ತಿದ್ದೀರಿ. ಚೀಟಿಯಲ್ಲಿ ದೇಶ, ಸಾಕಿದ್ದೋ ಹೊಳೆಯದೋ ಎಂಬುದು ಇರುತ್ತದೆ, ಮೇವು ಏನು ಎಂಬುದು ಇರುವುದಿಲ್ಲ. ಮೇವಿನ ಮಾತು ತಿಳಿಯಬೇಕಾದರೆ ಬ್ರಾಂಡ್ ಹೇಳಿಕೊಳ್ಳುವ ಕೊಳದ ಮೀನನ್ನೇ ಕೊಳ್ಳಬೇಕು, ಆ ಹೆಚ್ಚುವರಿ ಸಾವಿರ ಯೆನ್ ಹೋಗುವುದು ಬಹುಪಾಲು ಆ ಹೆಸರಿಗೇ.

ಜೀವಂತ ಮೀನು ತಂದು ನೀವೇ ಕೊಯ್ಯುವ ಸಾಹಸಕ್ಕಿಳಿದರೆ ಒಂದು ಎಚ್ಚರ: ಇದರ ಹಸಿ ರಕ್ತ ವಿಷ, ಕಣ್ಣಿಗೆ ತಾಗಿದರೂ ಉರಿ. 60 ಡಿಗ್ರಿ ದಾಟಿ ಬೆಂದರೆ ವಿಷ ಸಾಯುತ್ತದೆ.

ಪೊಟ್ಟಣದ್ದಾದರೆ ಕೆಲಸ ಸುಲಭ. ಮೊದಲು ಬಿಸಿನೀರು ಹೊಯ್ದು ಹಳೆಯ ಸಾಸನ್ನು ಪೂರ್ತಿ ತೊಳೆಯಿರಿ, ಕಾಗದದಲ್ಲಿ ಒತ್ತಿ ಒರೆಸಿ, 'ಸಾಕೆ' ಎಂಬ ಅಕ್ಕಿಯ ಮದ್ಯ ಎರಡು ಚಮಚ ಚಿಮುಕಿಸಿ, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಐದು ನಿಮಿಷ ಗ್ರಿಲ್ಲಿನಲ್ಲಿ ಬಿಸಿ ಮಾಡಿ. ಕೊನೆಯ ಒಂದು ನಿಮಿಷ ಹಾಳೆ ತೆಗೆದು, ಸಿಪ್ಪೆ ಕೆಳಗಾಗಿಟ್ಟು ಬಿಡಿ. ಹೀಗೆ ಮಾಡಿದ 1,300 ಯೆನ್ನಿನ ಮೀನನ್ನು ಹೋದ ಜುಲೈಯಲ್ಲಿ ಆ ಕೊಳದ ಮಾವನಿಗೇ ಬಡಿಸಿದೆ. ಒಂದು ತುಂಡು ಅಗಿದು, ಸಿಪ್ಪೆಯನ್ನು ಬೆರಳಲ್ಲಿ ಎಳೆದು ನೋಡಿ, "ನಮ್ಮದಲ್ಲ" ಅಂದರು. ಆಮೇಲೆ ಇನ್ನೊಂದು ತುಂಡು ಹಾಕಿಸಿಕೊಂಡರು.